ಮೂಗಿಗಿಂತ ಮೂಗುತಿ ಭಾರ: ಬಲ್ಬ್ ಹೊಸದು, ತಂತಿ ಹಳೇದು

* ಏರ್ಕಾಡ್ ಘಾಟಿ ಹತ್ತುವ ಕಾರುಗಳಿಗೆ ಹೆಡ್‌ಲೈಟ್ ಮೋಹ
* ಗಡಿಯ ಆಚೆಗೂ ಈಚೆಗೂ ಕಾಯ್ದೆ ಒಂದೇ

ಏರ್ಕಾಡ್: ಸೇಲಂ ಪೇಟೆ ದಾಟಿ ಗೋರಿಮೇಡು, ಅಡಿವಾರಂ ಬಂತೆಂದರೆ ಬೆಟ್ಟದ ರಸ್ತೆ ಶುರು. ಸೇಲಂ ಇರುವುದು ಸಮುದ್ರ ಮಟ್ಟದಿಂದ 300 ಮೀಟರ್‌ಗಿಂತ ಕೆಳಗೆ. ಏರ್ಕಾಡ್ 1,500 ಮೀಟರ್ ಆಸುಪಾಸು. ಸುಮಾರು 30 ಕಿ.ಮೀ. ದಾರಿಯಲ್ಲಿ ಇಷ್ಟು ಎತ್ತರ ಹತ್ತಬೇಕು, 20 ಹೇರ್‌ಪಿನ್ ತಿರುವು ಸುತ್ತಬೇಕು. ಒಂದು ಕಡೆ ಗೋಡೆಯಂತೆ ಬಂಡೆ, ಇನ್ನೊಂದು ಕಡೆ ಕಣಿವೆ. ಮಳೆಗಾಲ, ಚಳಿಗಾಲದಲ್ಲಿ ಮಂಜು ಇಳಿದರೆ ಹತ್ತು ಮಾರು ಮುಂದಿನದು ಕಾಣೋದಿಲ್ಲ. ಕೆಲವೊಮ್ಮೆ ಕಾಡುಕೋಣವೂ ರಸ್ತೆಗೆ ಬರುತ್ತೆ.

ಈ ದಾರಿಯಲ್ಲಿ ಕನ್ನಡಿಗರ ಓಡಾಟ ಹೊಸದಲ್ಲ. ಸೇಲಂ, ಧರ್ಮಪುರಿ, ಕೃಷ್ಣಗಿರಿ ಕಡೆ ಮನೆಮಾತು ಕನ್ನಡವಾಗಿರುವ ಕುಟುಂಬಗಳಿಗೆ ಬೆಂಗಳೂರು, ಹೊಸೂರಿನಲ್ಲಿ ನೆಂಟರಿಷ್ಟರಿದ್ದಾರೆ. ಬೆಂಗಳೂರಿನವರಿಗೆ ಏರ್ಕಾಡ್ ಎರಡು ದಿನದ ರಜೆಗೆ ಹತ್ತಿರದ ಗಿರಿಧಾಮ. ಶುಕ್ರವಾರ ಕೆಲಸ ಮುಗಿಸಿ ಹೊರಟರೆ ಹೊಸೂರು ದಾಟುವಷ್ಟರಲ್ಲೇ ಕತ್ತಲು. ತೊಪ್ಪೂರು ಘಾಟಿಗೆ ಬರುವಾಗ ರಾತ್ರಿ, ಏರ್ಕಾಡ್ ಘಾಟಿಗೆ ಬರುವಾಗ ಇನ್ನೂ ರಾತ್ರಿ.

ಹಾಗಾಗಿ ಒಮ್ಮೆ ಬಂದು ಹೋದವರ ಮೊದಲ ದೂರು ಒಂದೇ: ‘ಲೈಟ್ ಸಾಲದು’. ಮರುವಾರವೇ ಕಾರು ವೈರಿಂಗ್ ಅಂಗಡಿ ಮುಂದೆ ನಿಂತಿರುತ್ತೆ. ನೂರು ವ್ಯಾಟಿನ ಬಲ್ಬ್, ಎಲ್‌ಇಡಿ, ಎಚ್‌ಐಡಿ, ಇಲ್ಲವೇ ಟಾಪ್ ಮಾಡೆಲ್‌ನ ಪ್ರೊಜೆಕ್ಟರ್ ದೀಪ. ಅರ್ಧ ಗಂಟೆಯ ಕೆಲಸ. ಬಲ್ಬ್ ಬದಲಾಗುತ್ತೆ, ಆದರೆ ಬಲ್ಬಿಗೆ ಕರೆಂಟ್ ತರುವ ತಂತಿ ಹಾಗೇ ಉಳಿಯುತ್ತೆ. ತೊಂದರೆಯ ಮೂಲ ಇಲ್ಲಿದೆ. ದೀಪ ಮಂಕಾಗಿದ್ದಕ್ಕೆ ಎಷ್ಟೋ ಸಲ ಬಲ್ಬ್ ಕಾರಣವೇ ಅಲ್ಲ, ತಂತಿ ಕಾರಣ. ದೊಡ್ಡ ಬಲ್ಬ್ ಹಾಕಿದರೆ ಆ ದೋಷ ವಾಸಿಯಾಗೋದಿಲ್ಲ, ಹೆಚ್ಚಾಗುತ್ತೆ.

ಬೆಳಕು ಎಲ್ಲಿ ಸೋರುತ್ತೆ?

ಸಾಮಾನ್ಯ ಕಾರುಗಳಲ್ಲಿ ಬಹುಕಾಲ ಬಂದದ್ದು ಎಚ್-4 ಹ್ಯಾಲೊಜೆನ್ ಬಲ್ಬ್. ಹೈ ಬೀಮ್ 60 ವ್ಯಾಟ್, ಲೋ ಬೀಮ್ 55 ವ್ಯಾಟ್. ಹನ್ನೆರಡು ವೋಲ್ಟ್ ಲೆಕ್ಕದಲ್ಲಿ ಒಂದು ಬಲ್ಬ್ ಹೈ ಬೀಮ್‌ನಲ್ಲಿ 5 ಆಂಪಿಯರ್ ಕರೆಂಟ್ ಎಳೆಯುತ್ತೆ. ಎರಡಕ್ಕೂ ಸೇರಿ 10 ಆಂಪಿಯರ್.

ಹಳೆಯ ಕಾರುಗಳಲ್ಲಿ ಈ ಕರೆಂಟ್ ನೆಟ್ಟಗೆ ಬ್ಯಾಟರಿಯಿಂದ ದೀಪಕ್ಕೆ ಹೋಗೋದಿಲ್ಲ. ಬ್ಯಾಟರಿಯಿಂದ ಫ್ಯೂಸ್ ಡಬ್ಬಿಗೆ, ಅಲ್ಲಿಂದ ಸ್ಟೀರಿಂಗ್ ಪಕ್ಕದ ಸ್ವಿಚ್ಚಿಗೆ, ಮತ್ತೆ ವಾಪಸ್ ಮುಂದಕ್ಕೆ. ತೆಳು ತಂತಿ, ಉದ್ದ ದಾರಿ, ನಡುವೆ ಹಲವು ಜೋಡಣೆ. ವರ್ಷಗಳು ಕಳೆದ ಮೇಲೆ ಸ್ವಿಚ್ಚಿನ ಮುಖ ಕರಕಲಾಗುತ್ತೆ, ಪ್ಲಗ್ಗಿಗೆ ಹಸಿರು ಕಿಲುಬು ಕೂರುತ್ತೆ, ಅರ್ತ್ ಬೋಲ್ಟಿಗೆ ತುಕ್ಕು ಹಿಡಿಯುತ್ತೆ. ಪ್ರತಿ ಜಾಗದಲ್ಲೂ ಒಂದಿಷ್ಟು ವೋಲ್ಟೇಜ್ ಸೋರಿಕೆ.

ಹ್ಯಾಲೊಜೆನ್ ಬಲ್ಬಿನ ಗುಣ ಏನೆಂದರೆ, ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ತುಂಬಾ ಇಳಿಯುತ್ತೆ. ಶೇ 10ರಷ್ಟು ವೋಲ್ಟೇಜ್ ಕಡಿಮೆಯಾದರೆ ಬೆಳಕು ಶೇ 30ರಷ್ಟು ಕಡಿಮೆ. ಎಂಜಿನ್ ಓಡುವಾಗ ಬ್ಯಾಟರಿ ಬಳಿ ಹದಿಮೂರೂವರೆ ವೋಲ್ಟ್ ಇದ್ದು, ಬಲ್ಬಿನ ಹತ್ತಿರ ಹನ್ನೆರಡೇ ಸಿಕ್ಕರೆ ಬೆಳಕಿನಲ್ಲಿ ಮೂರನೇ ಒಂದು ಭಾಗ ದಾರಿಯಲ್ಲೇ ಹೋಯಿತು ಅಂತ ಅರ್ಥ. ‘ಲೈಟ್ ಹಳದಿಯಾಗಿದೆ, ಮಂಕಾಗಿದೆ’ ಎಂಬ ದೂರಿನ ಹಿಂದೆ ಇರೋದು ಬಹಳ ಸಲ ಇದೇ.

ನೂರು ವ್ಯಾಟಿನ ಲೆಕ್ಕ

ಇಂಥ ತಂತಿಗೇ 100/90 ವ್ಯಾಟಿನ ಬಲ್ಬ್ ಹಾಕಿದರೆ ಏನಾಗುತ್ತೆ? ಎರಡು ಬಲ್ಬ್ ಸೇರಿ ಎಳೆಯುವ ಕರೆಂಟ್ ಸುಮಾರು 17 ಆಂಪಿಯರ್‌ಗೆ ಏರುತ್ತೆ. ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತೆ. ಅಂದರೆ ಕರೆಂಟ್ ಒಂದೂಮುಕ್ಕಾಲು ಪಟ್ಟಿಗೂ ಒಳಗೇ ಏರಿದರೂ ಬಿಸಿ ಎರಡೂಮುಕ್ಕಾಲು ಪಟ್ಟು. ಹಳೆಯ ತಂತಿ ಅದಕ್ಕೆ ತಯಾರಾದದ್ದಲ್ಲ. ವೋಲ್ಟೇಜ್ ಸೋರಿಕೆಯೂ ಕರೆಂಟಿನ ಪ್ರಮಾಣದಲ್ಲಿ ಹೆಚ್ಚುವುದರಿಂದ ದುಡ್ಡು ಕೊಟ್ಟು ತಂದ ಬೆಳಕಿನ ದೊಡ್ಡ ಪಾಲು ರಸ್ತೆಗೆ ಬೀಳದೆ ತಂತಿ ಕಾಯಿಸೋದಕ್ಕೆ ಹೋಗುತ್ತೆ. ಮೂಗಿಗಿಂತ ಮೂಗುತಿ ಭಾರ ಅನ್ನೋದು ಇದಕ್ಕೇ.

ಮೊದಲು ಕರಗುವುದು ಬಲ್ಬಿನ ಹಿಂದಿನ ಪ್ಲಾಸ್ಟಿಕ್ ಹೋಲ್ಡರ್. ಆಮೇಲೆ ಸ್ಟೀರಿಂಗ್ ಪಕ್ಕದ ಸ್ವಿಚ್. ದೀಪದ ಒಳಗಿನ ಪ್ರತಿಫಲಕವೂ ಶಾಖಕ್ಕೆ ಮಸುಕಾಗಿ, ಒಂದೆರಡು ವರ್ಷದಲ್ಲಿ ಬೆಳಕು ಮೊದಲಿಗಿಂತ ಕಡಿಮೆಯಾದರೂ ಆಶ್ಚರ್ಯವಿಲ್ಲ. ಘಾಟಿಯಲ್ಲಿ ನಿಧಾನಕ್ಕೆ ಹತ್ತುವಾಗ ವೈಪರ್, ಫ್ಯಾನ್, ಮ್ಯೂಸಿಕ್ ಜತೆಗೆ 200 ವ್ಯಾಟಿನ ದೀಪ ಉರಿದರೆ ಸಣ್ಣ ಕಾರಿನ ಆಲ್ಟರ್ನೇಟರ್‌ಗೂ ಕಷ್ಟ.

ಇದಕ್ಕಿಂತ ದೊಡ್ಡ ಅಪಾಯ ಬೇರೆಯಿದೆ. ಸ್ವಿಚ್ ಕರಗಿದರೆ ಎರಡೂ ದೀಪ ಒಟ್ಟಿಗೇ ಆರುತ್ತವೆ. ಬಯಲು ರಸ್ತೆಯಲ್ಲಾದರೆ ಗಾಡಿ ಪಕ್ಕಕ್ಕೆ ಹಾಕಬಹುದು. ಹೇರ್‌ಪಿನ್ ತಿರುವಿನ ನಡುವೆ ಪಕ್ಕ ಅನ್ನೋದೇ ಇರೋದಿಲ್ಲ. ಹೆಚ್ಚು ಬೆಳಕು ಬೇಕು ಅಂತ ಮಾಡಿದ ಕೆಲಸ ಬೆಳಕೇ ಇಲ್ಲದಂತೆ ಮಾಡುವುದು ಹೀಗೆ.

ಫ್ಯೂಸ್ ಶತ್ರುವಲ್ಲ

ದೊಡ್ಡ ಬಲ್ಬ್ ಹಾಕಿದ ಮೇಲೆ ಫ್ಯೂಸ್ ಮತ್ತೆ ಮತ್ತೆ ಹೋಗಬಹುದು. ಆಗ ಕೆಲವರು ಮಾಡುವ ಕೆಲಸ: 15 ಆಂಪಿಯರ್ ತೆಗೆದು 30 ಆಂಪಿಯರ್ ಫ್ಯೂಸ್ ಹಾಕೋದು. ಇನ್ನೂ ಕೆಲವರು ತಂತಿ ಸುತ್ತಿ ನೇರ ಮಾಡಿಬಿಡುತ್ತಾರೆ. ಫ್ಯೂಸ್ ಇರುವುದು ಬಲ್ಬ್ ಕಾಯಲು ಅಲ್ಲ, ತಂತಿ ಕಾಯಲು. ತಂತಿ ತಾಳುವ ಮಿತಿಗಿಂತ ದೊಡ್ಡ ಫ್ಯೂಸ್ ಹಾಕಿದರೆ, ಶಾರ್ಟ್ ಆದಾಗ ಫ್ಯೂಸಿನ ಬದಲು ತಂತಿ ಉರಿಯುತ್ತೆ. ಬಾನೆಟ್ ಒಳಗೆ ಹೊತ್ತಿದ ಬೆಂಕಿ ಎಲ್ಲಿಗೆ ಮುಟ್ಟುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ರಿಲೇ ಮಾಡುವ ಕೆಲಸ

ಸರಿಯಾದ ದಾರಿ ರಿಲೇ ವೈರಿಂಗ್. ಯಜಮಾನ ಕೂತಲ್ಲಿಂದ ಹೇಳ್ತಾನೆ, ಆಳು ಹೊರೆ ಹೊರ್ತಾನೆ. ಹಾಗೆಯೇ ಸ್ವಿಚ್ ಬರೀ ಅಪ್ಪಣೆ ಕೊಡುತ್ತೆ, ಹೊರೆ ಹೊರುವುದು ರಿಲೇ. ಸ್ವಿಚ್ಚಿನ ಮೂಲಕ ಹೋಗುವ ಕರೆಂಟ್ ಆಗ ಕಾಲು ಆಂಪಿಯರ್‌ಗೂ ಕಡಿಮೆ. ದೀಪಕ್ಕೆ ಬೇಕಾದ ದೊಡ್ಡ ಕರೆಂಟ್ ಬ್ಯಾಟರಿಯಿಂದ ದಪ್ಪ ತಂತಿಯಲ್ಲಿ, ಹತ್ತಿರದ ದಾರಿಯಲ್ಲಿ ಬರುತ್ತೆ.

ರಿಲೇ ಮೇಲೆ ನಾಲ್ಕು ಸಂಖ್ಯೆ ಇರುತ್ತವೆ. 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬಂದ ತಂತಿ, 87ರಿಂದ ದೀಪಕ್ಕೆ, 85 ಮತ್ತು 86ಕ್ಕೆ ಹಳೆಯ ಸ್ವಿಚ್ಚಿನ ಅಪ್ಪಣೆ ಮತ್ತು ಅರ್ತ್. ಹೈ ಬೀಮ್‌ಗೆ ಒಂದು, ಲೋ ಬೀಮ್‌ಗೆ ಒಂದು ರಿಲೇ. ತಂತಿ 2.5 ಚದರ ಮಿ.ಮೀ. ದಪ್ಪ ಇದ್ದರೆ ಒಳ್ಳೇದು. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ, ಗೇಣುದ್ದದ ಒಳಗೆ ಇರಬೇಕು. ಎಡ ದೀಪಕ್ಕೊಂದು, ಬಲ ದೀಪಕ್ಕೊಂದು ಬೇರೆ ಬೇರೆ ಫ್ಯೂಸ್ ಹಾಕಿಸಿದರೆ ಒಂದು ಹೋದರೂ ಇನ್ನೊಂದು ಉರಿಯುತ್ತಿರುತ್ತೆ. ಘಾಟಿಯಲ್ಲಿ ಓಡಾಡುವವರು ಇದನ್ನು ಕೇಳಿ ಮಾಡಿಸಿಕೊಳ್ಳಬೇಕು.

ಅರ್ತ್ ತಂತಿಯನ್ನು ಮರೆಯುವವರೇ ಹೆಚ್ಚು. ಕರೆಂಟ್ ಹೋದಷ್ಟೇ ವಾಪಸ್ ಬರಬೇಕು. ಹೋಗುವ ತಂತಿ ದಪ್ಪ, ಬರುವ ತಂತಿ ತೆಳು ಅಂದರೆ ಮಾಡಿದ ಕೆಲಸ ಅರ್ಧಕ್ಕೆ ನಿಂತಂತೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಈ ವೈರಿಂಗ್ ಮಾಡಿಸಿ, ಬಲ್ಬ್ ಮಾತ್ರ ಅದೇ 60/55 ವ್ಯಾಟಿನದ್ದು ಒಳ್ಳೆಯ ಕಂಪನಿಯದು ಹಾಕಿಸಿದರೆ, ಹಳೆಯ ಕಾರಿನಲ್ಲಿ ಕಳೆದುಹೋಗಿದ್ದ ಬೆಳಕು ವಾಪಸ್ ಬರುತ್ತೆ. ಎಷ್ಟೋ ಮಂದಿಗೆ ಅಷ್ಟೇ ಸಾಕು. ಖರ್ಚೂ ಒಂದು ಫುಲ್ ಟ್ಯಾಂಕ್ ಪೆಟ್ರೋಲಿಗಿಂತ ಕಡಿಮೆಯಲ್ಲೇ ಮುಗಿಯಬಹುದು. ಇನ್ನು ಹೊಸ ಕಾರುಗಳಲ್ಲಿ ಹಲವಕ್ಕೆ ಕಾರ್ಖಾನೆಯಿಂದಲೇ ರಿಲೇ ಇರುತ್ತೆ. ಅಂಥ ಕಾರಿಗೆ ಮತ್ತೊಂದು ಹಾಕಿಸೋದು ದಂಡ.

ಎಲ್‌ಇಡಿ ಹಾಕಿದರೆ ತೊಂದರೆ ತಪ್ಪಿತೇ?

ಎಲ್‌ಇಡಿ ಕರೆಂಟ್ ಕಡಿಮೆ ಎಳೆಯುತ್ತೆ, ತಂತಿ ಕಾಯೋದಿಲ್ಲ. ಅದು ನಿಜ. ಆದರೆ ತೊಂದರೆ ಬೇರೆ ಕಡೆ. ಹ್ಯಾಲೊಜೆನ್ ದೀಪದ ಬಟ್ಟಲನ್ನು ತಯಾರಿಸಿರುವುದು ಕೂದಲೆಳೆಯಂಥ ಫಿಲಮೆಂಟ್ ಇಂಥದೇ ಜಾಗದಲ್ಲಿ ಇರುತ್ತೆ ಎಂಬ ಲೆಕ್ಕದಲ್ಲಿ. ಎಲ್‌ಇಡಿಯಲ್ಲಿ ಬೆಳಕು ಹುಟ್ಟುವ ಜಾಗ, ಆಕಾರ ಬೇರೆಯಾದರೆ ಬೆಳಕು ರಸ್ತೆಗೆ ಬೀಳದೆ ಎದುರಿನವರ ಕಣ್ಣಿಗೆ ಚೆಲ್ಲುತ್ತೆ. ಕಾರಿನ ಹತ್ತಿರದ ರಸ್ತೆ ಬೆಳ್ಳಗೆ ಕಾಣುವುದರಿಂದ ಚಾಲಕನಿಗೆ ‘ಸಖತ್ ಲೈಟ್’ ಅನ್ನಿಸುತ್ತೆ. ದೂರದ್ದು ಮಾತ್ರ ಮೊದಲಿನಷ್ಟೂ ಕಾಣದಿರಬಹುದು.

ಹೊಸ ಕಾರುಗಳಲ್ಲಿ ಇನ್ನೊಂದು ತಾಪತ್ರಯ. ದೀಪ ಎಳೆಯುವ ಕರೆಂಟನ್ನು ಕಾರಿನ ಕಂಪ್ಯೂಟರ್ ಅಳೆಯುತ್ತಿರುತ್ತೆ. ಎಲ್‌ಇಡಿ ಕಡಿಮೆ ಎಳೆದರೆ ‘ಬಲ್ಬ್ ಹೋಗಿದೆ’ ಅಂತ ಎಚ್ಚರಿಕೆ ಬರುತ್ತೆ, ದೀಪ ಮಿಣುಕುತ್ತೆ. ಅದನ್ನು ತಪ್ಪಿಸಲು ರೆಸಿಸ್ಟರ್ ಜೋಡಿಸುತ್ತಾರೆ. ಈ ರೆಸಿಸ್ಟರ್ ಕೈ ಸುಡುವಷ್ಟು ಕಾಯುತ್ತೆ. ಅದನ್ನು ಪ್ಲಾಸ್ಟಿಕ್‌ಗೋ ತಂತಿಯ ಕಟ್ಟಿಗೋ ಸೇರಿಸಿ ಬಿಗಿದರೆ ಮತ್ತದೇ ಬೆಂಕಿಯ ಭಯ.

ಎಚ್‌ಐಡಿಯದ್ದು ಇನ್ನೂ ಬೇರೆ ಕಥೆ. ದೀಪ ಹೊತ್ತಿಸುವ ಕ್ಷಣದಲ್ಲಿ ಅದರ ಬ್ಯಾಲಸ್ಟ್ 20 ಸಾವಿರ ವೋಲ್ಟ್ ಮಟ್ಟದ ಕಿಡಿ ಕೊಡುತ್ತೆ. ಆ ಹೊತ್ತಿನಲ್ಲಿ ಎಳೆಯುವ ಕರೆಂಟ್ ಆಮೇಲಿನದಕ್ಕಿಂತ ಹೆಚ್ಚು. ಮಳೆ ನೀರು ಸೇರುವ ಜಾಗದಲ್ಲಿ ಟೇಪ್ ಸುತ್ತಿ ಬಿಟ್ಟರೆ ಅಪಾಯ. ಇಷ್ಟು ಪ್ರಖರವಾದ ದೀಪಕ್ಕೆ ಯುರೋಪಿನ ನಿಯಮದಲ್ಲಿ ಗಾಜು ತೊಳೆಯುವ ವ್ಯವಸ್ಥೆಯೂ, ಕಾರಿನ ಹಿಂಭಾಗ ಭಾರಕ್ಕೆ ಬಗ್ಗಿದಾಗ ದೀಪವನ್ನು ತಾನೇ ಕೆಳಕ್ಕೆ ತಿರುಗಿಸುವ ವ್ಯವಸ್ಥೆಯೂ ಇರಬೇಕು. ಅಂಗಡಿಯಲ್ಲಿ ಹಾಕಿಸಿದ ಕಿಟ್‌ಗೆ ಇವೆರಡೂ ಇರೋದಿಲ್ಲ. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ಲಗೇಜು ತುಂಬಿದ ಕಾರಿನ ದೀಪ ಆಕಾಶ ನೋಡುವುದು ಸಹಜ.

ಜರ್ಮನಿಯಲ್ಲಿ 2020ರಿಂದ ಹ್ಯಾಲೊಜೆನ್ ಜಾಗದಲ್ಲಿ ಕೆಲವು ಎಲ್‌ಇಡಿ ಬಲ್ಬ್ ಬಳಸಲು ಒಪ್ಪಿಗೆ ಸಿಕ್ಕಿದೆ. ಅದೂ ಎಲ್ಲ ಕಾರಿಗಲ್ಲ. ಪರೀಕ್ಷೆ ಮಾಡಿ ಪಟ್ಟಿಗೆ ಸೇರಿಸಿದ ಮಾದರಿಗಳಿಗೆ ಮಾತ್ರ. ಬಲ್ಬ್ ಮತ್ತು ದೀಪದ ಬಟ್ಟಲು ಒಂದಕ್ಕೊಂದು ಹೊಂದಬೇಕು ಎಂಬುದೇ ಅಲ್ಲಿನ ತತ್ವ.

ದೀಪವೇ ಬದಲಾದಾಗ

ಬೇಸ್ ಮಾಡೆಲ್ ಕಾರಿಗೆ ಟಾಪ್ ಮಾಡೆಲ್‌ನ ಪೂರ್ತಿ ದೀಪ ಹಾಕಿಸೋದು ಈಗಿನ ರೂಢಿ. ಬಟ್ಟಲೂ ಬಲ್ಬೂ ಒಂದಕ್ಕೊಂದು ಹೊಂದುವುದರಿಂದ ಬೆಳಕಿನ ಮಟ್ಟಿಗೆ ಇದು ಮೇಲು. ತಂತಿಯ ಮಟ್ಟಿಗೆ ಇದೇ ಹೆಚ್ಚು ತೊಡಕು. ಹಳೆಯ ದೀಪಕ್ಕೆ ಮೂರು ಪಿನ್ನಿನ ಒಂದೇ ಪ್ಲಗ್. ಹೊಸದರಲ್ಲಿ ಲೋ, ಹೈ ಬೇರೆ ಬೇರೆ, ಜತೆಗೆ ಹಗಲು ದೀಪ, ಎತ್ತರ ಹೊಂದಿಸುವ ಮೋಟಾರ್. ಎಚ್-4ರಲ್ಲಿ ಹೈ ಹಾಕಿದರೆ ಲೋ ಆರುತ್ತೆ. ಕೆಲವು ಹೊಸ ದೀಪಗಳಲ್ಲಿ ಎರಡೂ ಒಟ್ಟಿಗೇ ಉರಿಯುತ್ತವೆ. ಹಳೆಯ ತಂತಿಗೆ ಅದು ಇಮ್ಮಡಿ ಹೊರೆ.

ಜಪಾನಿ ವಿನ್ಯಾಸದ ಕೆಲವು ಕಾರುಗಳಲ್ಲಿ ಸ್ವಿಚ್ ಇರುವುದು ಅರ್ತ್ ಕಡೆಗೆ. ಅದನ್ನು ತಿಳಿಯದೆ ಮಾಮೂಲಿ ಹಾರ್ನೆಸ್ ಸಿಕ್ಕಿಸಿದರೆ ದೀಪ ಉಲ್ಟಾಪಲ್ಟಾ ಉರಿಯುತ್ತೆ, ಇಲ್ಲ ಉರಿಯೋದೇ ಇಲ್ಲ. ಆಗ ತಂತಿ ಕತ್ತರಿಸಿ, ತಿರುಚಿ, ಟೇಪ್ ಸುತ್ತುವ ಕೆಲಸ ಶುರು. ಎಂಜಿನ್ ಬಿಸಿಗೆ ಟೇಪಿನ ಅಂಟು ಬಿಡುತ್ತೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತಂತಿ ಬೆತ್ತಲೆ. ಕಾರಿನ ಮೂಲ ತಂತಿ ಕತ್ತರಿಸದೆ, ಎರಡೂ ಕಡೆ ಪ್ಲಗ್ ಇರುವ ಹಾರ್ನೆಸ್ ಹಾಕಿಸೋದು ಇದಕ್ಕೇ ಸುರಕ್ಷಿತ. ವಾರಂಟಿ ಇರುವ ಕಾರಾದರೆ ತಂತಿ ಮುಟ್ಟುವ ಮೊದಲು ಕಂಪನಿ ಸರ್ವಿಸ್‌ನಲ್ಲಿ ಕೇಳಬೇಕು. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆಯಿಂದ ಬೆಂಕಿ ಬಿದ್ದರೆ ಪರಿಹಾರಕ್ಕೂ ತಕರಾರು ಬರಬಹುದು.

ತಿರುವಿಗೂ ಮಂಜಿಗೂ ವ್ಯಾಟ್ ಮದ್ದಲ್ಲ

ಏರ್ಕಾಡ್ ರಸ್ತೆಯಲ್ಲಿ ಹೆಚ್ಚು ವ್ಯಾಟಿನಿಂದ ಸಿಗುವ ಲಾಭವೂ ಕಡಿಮೆ. ಹೇರ್‌ಪಿನ್ ತಿರುವಿನಲ್ಲಿ ಕಾರು ತಿರುಗುವ ಮೊದಲು ದೀಪ ನೋಡುತ್ತಿರುವುದು ಕಣಿವೆಯನ್ನು, ರಸ್ತೆಯನ್ನಲ್ಲ. ಅಲ್ಲಿ ಬೇಕಾದದ್ದು ದೂರಕ್ಕೆ ಹೋಗುವ ಬೆಳಕಲ್ಲ, ಪಕ್ಕಕ್ಕೆ ಹರಡುವ ಬೆಳಕು ಮತ್ತು ಕಡಿಮೆ ವೇಗ.

ಮಂಜಿನಲ್ಲಂತೂ ಹೈ ಬೀಮ್ ಬೆಳ್ಳನೆ ಗೋಡೆ ಎಬ್ಬಿಸುತ್ತೆ. ನೀರಿನ ಹನಿಗಳಿಗೆ ಬಡಿದ ಬೆಳಕು ವಾಪಸ್ ಚಾಲಕನ ಕಣ್ಣಿಗೇ ಬರುತ್ತೆ. ಹಳದಿ ಬಲ್ಬ್ ಮಂಜು ಸೀಳುತ್ತೆ ಎಂಬ ನಂಬಿಕೆ ಇದೆ. ಬಣ್ಣಕ್ಕಿಂತ ದೀಪದ ಎತ್ತರ, ಕೋನ ಮುಖ್ಯ. ಬಂಪರ್‌ನಲ್ಲಿ ತಗ್ಗಿಗೆ ಕೂರಿಸಿ ನೆಲದ ಕಡೆ ತಿರುಗಿಸಿದ ಫಾಗ್ ಲ್ಯಾಂಪ್ ಮತ್ತು ಲೋ ಬೀಮ್, ಎರಡೇ ಸಾಕು.

ಹೆದ್ದಾರಿಯಲ್ಲಿ ನಡುವೆ ಡಿವೈಡರ್ ಇದೆ. ಏರ್ಕಾಡ್ ರಸ್ತೆಯಲ್ಲಿ ಎದುರಿನ ಗಾಡಿಗೂ ಈಚಿನ ಗಾಡಿಗೂ ನಡುವೆ ಕೈಯಳತೆಯ ಅಂತರ. ಕಣ್ಣು ಕೋರೈಸಿದ ಚಾಲಕ ಎರಡು ಸೆಕೆಂಡ್ ಕುರುಡಾದರೆ, ಗಂಟೆಗೆ 30 ಕಿ.ಮೀ. ವೇಗದಲ್ಲೂ ಕಾರು 16-17 ಮೀಟರ್ ಮುಂದೆ ಹೋಗಿರುತ್ತೆ. ತಿರುವಿನಲ್ಲಿ ರಸ್ತೆಯ ಅಗಲ ಅಷ್ಟಿರೋದಿಲ್ಲ. ವಯಸ್ಸಾದವರ ಕಣ್ಣು ಸುಧಾರಿಸಿಕೊಳ್ಳಲು ಇನ್ನೂ ಹೊತ್ತು ಬೇಕು. ಎದುರಿನವರು ಕುರುಡಾದರೆ ಅವರು ಬಂದು ಗುದ್ದುವುದು ಪ್ರಖರ ದೀಪದ ಕಾರಿಗೇ ಎಂಬುದನ್ನು ನೆನಪಿಡಬೇಕು.

ತೊಪ್ಪೂರು ಘಾಟಿಯಲ್ಲಿ 2020ರ ಡಿಸೆಂಬರ್ ಮತ್ತು 2024ರ ಜನವರಿಯಲ್ಲಿ ಜೀವ ತೆಗೆದ ಸರಣಿ ಅಪಘಾತಗಳನ್ನು ಈ ಭಾಗದವರು ಮರೆತಿಲ್ಲ. ಅವಕ್ಕೆ ಹತೋಟಿ ತಪ್ಪಿದ ಲಾರಿ ಕಾರಣ, ಹೆಡ್‌ಲೈಟ್ ಅಲ್ಲ. ಆದರೆ ಇಳಿಜಾರಿನಲ್ಲಿ ಚಾಲಕನಿಗೆ ಸಿಗುವ ಸಮಯ ಎಷ್ಟು ಕಡಿಮೆ ಅನ್ನೋದಕ್ಕೆ ಅವು ಸಾಕ್ಷಿ. ಅಷ್ಟರಲ್ಲಿ ಎರಡು ಸೆಕೆಂಡ್ ಕಣ್ಣು ಕಿತ್ತುಕೊಂಡರೆ ಉಳಿಯುವುದೇನು?

ಕಾಯ್ದೆ ಏನು ಹೇಳುತ್ತೆ?

ಕೆಎ ನಂಬರ್ ಇರಲಿ, ಟಿಎನ್ ನಂಬರ್ ಇರಲಿ, 1988ರ ಮೋಟಾರು ವಾಹನ ಕಾಯ್ದೆ ಎರಡೂ ಕಡೆ ಒಂದೇ. ಅದರ 52ನೇ ಕಲಂ ಪ್ರಕಾರ ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ಆಗಬಹುದು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ಇನ್ನೂ ನೇರವಾಗಿದೆ. ದೀಪದಿಂದ 8 ಮೀಟರ್ ದೂರದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕೋರೈಸದಂತೆ ಬೆಳಕು ಕೆಳಮುಖವಾಗಿರಬೇಕು. ಕರ್ನಾಟಕ ಪೊಲೀಸರು 2024ರ ಜುಲೈನಿಂದ ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯದಾದ್ಯಂತ ಕಾರ್ಯಾಚರಣೆ ನಡೆಸಿದ್ದರು. ಅತ್ತಿಬೆಲೆ ದಾಟಿದರೆ ಬಚಾವ್ ಎಂಬ ಲೆಕ್ಕ ನಡೆಯೋದಿಲ್ಲ.

ಹೊಣೆ ಮಾಲೀಕನೊಬ್ಬನದೇ?

ಎಲ್ಲವನ್ನೂ ಕಾರಿನವರ ತಲೆಗೆ ಕಟ್ಟುವುದೂ ಸರಿಯಲ್ಲ. ರಸ್ತೆಗೆ ತರಕೂಡದ ಬಲ್ಬ್ ಪೊಟ್ಟಣದ ಮೇಲೆ ‘ಆಫ್‌ರೋಡ್ ಬಳಕೆಗೆ ಮಾತ್ರ’ ಎಂದು ಸಣ್ಣಕ್ಷರದಲ್ಲಿ ಅಚ್ಚು ಹಾಕಿ ಅಂಗಡಿಯಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತೆ. ದಂಡ ಕಟ್ಟುವವ ಮಾತ್ರ ಕೊಂಡವ. ಕಡಿಮೆ ಬೆಲೆಯ ಮಾದರಿಗೆ ಮಂಕು ದೀಪ, ಒಳ್ಳೆಯ ದೀಪ ಬೇಕಾದರೆ ಲಕ್ಷ ಹೆಚ್ಚು ಕೊಡಿ ಎಂಬ ವ್ಯಾಪಾರವೂ ಜನರನ್ನು ಅಂಗಡಿಗೆ ತಳ್ಳುತ್ತೆ. ತಿರುವಿನಲ್ಲಿ ಹೊಳೆಯುವ ಫಲಕ, ರಸ್ತೆ ಅಂಚಿನ ಬಿಳಿ ಗೆರೆ, ರಿಫ್ಲೆಕ್ಟರ್ ನೆಟ್ಟಗಿದ್ದರೆ 55 ವ್ಯಾಟಿನಲ್ಲೂ ದಾರಿ ಕಾಣುತ್ತೆ. ಅವು ಮಾಸಿದಾಗಲೇ ಜನ ವ್ಯಾಟಿನ ಹಿಂದೆ ಬೀಳೋದು.

ಹೊರಡುವ ಮುನ್ನ

ದೊಡ್ಡ ಬಲ್ಬ್ ಕೇಳುವ ಮೊದಲು ಆಟೊ ಎಲೆಕ್ಟ್ರಿಷಿಯನ್‌ಗೆ ಹೀಗೆ ಹೇಳಿ: ಎಂಜಿನ್ ಓಡಲಿ, ದೀಪ ಉರಿಯಲಿ, ಮೀಟರ್ ಹಿಡಿದು ಬ್ಯಾಟರಿ ಬಳಿಯ ವೋಲ್ಟೇಜ್ ನೋಡಿ, ಬಲ್ಬಿನ ಹಿಂದಿನದೂ ನೋಡಿ. ವ್ಯತ್ಯಾಸ ಅರ್ಧ ವೋಲ್ಟ್‌ಗಿಂತ ಹೆಚ್ಚಿದ್ದರೆ ದೋಷ ತಂತಿಯದ್ದು. ಮೊದಲು ಅರ್ತ್ ಬೋಲ್ಟ್ ಉಜ್ಜಿಸಿ, ಪ್ಲಗ್ ಸ್ವಚ್ಛ ಮಾಡಿಸಿ. ಆಮೇಲೂ ಹಾಗೇ ಇದ್ದರೆ ಕಾರಿನಲ್ಲಿ ರಿಲೇ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಹಾಕಿಸಿ. ಮಬ್ಬಾದ ದೀಪದ ಗಾಜಿಗೆ ಪಾಲಿಶ್ ಮಾಡಿಸಿ. ಕಾರಿನಲ್ಲಿ ಜನ, ಲಗೇಜು ತುಂಬಿದಾಗ ದೀಪದ ಎತ್ತರ ಹೊಂದಿಸುವ ತಿರುಗುಗುಂಡಿ ಇದ್ದರೆ ಅದನ್ನು ಬಳಸಿ.

ಇಷ್ಟು ಮಾಡಿದ ಮೇಲೂ ಬೆಳಕು ಸಾಲದು ಅನ್ನಿಸಿದರೆ, ಆಗ ಹೊಸ ದೀಪದ ಮಾತು. ಅದೂ ಕಾರಿನ ಕಂಪನಿ ಅದೇ ಮಾದರಿಗೆ ಕೊಡುವ ದೀಪ, ಅದಕ್ಕೆ ಹೊಂದುವ ತಂತಿಯ ಜತೆಗೆ. ಇನ್ನು ಘಾಟಿಯಲ್ಲಿ ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು, ಎದುರು ಗಾಡಿ ಕಂಡರೆ ದೀಪ ಡಿಮ್ ಮಾಡಬೇಕು. ಇದಕ್ಕೆ ವೈರಿಂಗ್ ಬೇಡ, ಖರ್ಚೂ ಇಲ್ಲ.